ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ: ಉತ್ತರ ಕನ್ನಡದಲ್ಲಿ ನೀವು ಯಾವ ದೇವಸ್ಥಾನಕ್ಕೆ ಹೋಗಬೇಕು?

ಹೊರಗಿನಿಂದ ಬರುವವರ ಪಟ್ಟಿ ಹೆಚ್ಚಾಗಿ ಹೀಗಿರುತ್ತದೆ. ಬೆಳಿಗ್ಗೆ ಶಿರಸಿ ಮಾರಿಕಾಂಬೆ, ಹತ್ತಕ್ಕೆ ಸೋಂದಾ, ಮಧ್ಯಾಹ್ನ ಯಾಣ, ಸಂಜೆ ಗೋಕರ್ಣ, ಕತ್ತಲಾಗುವಷ್ಟರಲ್ಲಿ ಮುರ್ಡೇಶ್ವರ. ಮೊಬೈಲ್ ನಕ್ಷೆಯಲ್ಲಿ ಇವೆಲ್ಲ ಅಕ್ಕಪಕ್ಕದಲ್ಲೇ ಇದ್ದ ಹಾಗೆ ಕಾಣುತ್ತವೆ. ದೇವರ ಮುಂದೆ ನಿಂತಿದ್ದು ಎರಡು ನಿಮಿಷ, ಕಾರಿನಲ್ಲಿ ಕೂತಿದ್ದು ಹತ್ತು ತಾಸು ಅನ್ನುವುದು ಹೊರಟ ಮೇಲೆ ಗೊತ್ತಾಗುತ್ತದೆ.

ಯಾವ ದೇವಸ್ಥಾನ ದೊಡ್ಡದು, ಯಾವುದು ಚಂದ ಅಂತ ಕೇಳಿದರೆ ಹೇಳುವುದು ಕಷ್ಟ. ಯಾರನ್ನು ಕರೆದುಕೊಂಡು ಬರುತ್ತಿದ್ದೀರಿ, ಏನು ಕೆಲಸಕ್ಕೆ ಬರುತ್ತಿದ್ದೀರಿ ಅಂತ ಹೇಳಿದರೆ ಎಲ್ಲಿಗೆ ಹೋಗಬೇಕು, ಯಾವುದನ್ನು ಈ ಸಲಕ್ಕೆ ಬಿಡಬೇಕು ಅಂತ ಹೇಳಬಹುದು. ಹರಕೆ ತೀರಿಸಲು ಬಂದವರು, ಅಪ್ಪನ ಕಾರ್ಯ ಮಾಡಿಸಲು ಬಂದವರು, ಶಾಲೆ ರಜೆಗೆ ಮಕ್ಕಳನ್ನು ಕರೆತಂದವರು, ಮೊಣಕಾಲು ನೋವಿನ ಅಜ್ಜಿ ಜೊತೆ ಬಂದವರು, ಇವರೆಲ್ಲ ಒಂದೇ ಪಟ್ಟಿ ಹಿಡಿದು ಓಡಾಡಬೇಕಾಗಿಲ್ಲ.

ಮೊದಲು ಘಟ್ಟದ ಲೆಕ್ಕ

ನಮ್ಮ ಜಿಲ್ಲೆಯಲ್ಲಿ ಯಾವೂರು ಅಂತ ಕೇಳುವಾಗಲೇ ಘಟ್ಟದ ಮೇಲೋ ಕೆಳಗೋ ಅಂತಲೂ ಕೇಳುತ್ತಾರೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಕೆಳಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೇಲೆ. ಕೆಳಗಿನ ದೇವಸ್ಥಾನಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಅಲ್ಲಲ್ಲಿ ಒಳಗೆ ತಿರುಗಿದರೆ ಆಯಿತು. ಮೇಲಿನವು ಶಿರಸಿಯ ಸುತ್ತ ದಿಕ್ಕಿಗೊಂದು ಹರಡಿಕೊಂಡಿವೆ. ಒಂದನ್ನು ನೋಡಿ ಇನ್ನೊಂದಕ್ಕೆ ಹೋಗಬೇಕಾದರೆ ಬಹಳ ಸಲ ಮತ್ತೆ ಶಿರಸಿಗೇ ಬರಬೇಕು.

ಶಿರಸಿಯಿಂದ ಕುಮಟಾಕ್ಕೆ ಸುಮಾರು 60 ಕಿ.ಮೀ. ನಡುವೆ ದೇವಿಮನೆ ಘಟ್ಟ. ಯಲ್ಲಾಪುರದಿಂದ ಅಂಕೋಲಾಕ್ಕೆ ಇಳಿಯುವವರಿಗೆ ಅರಬೈಲ್ ಘಟ್ಟ. ತಿರುವಿನಲ್ಲಿ ತಲೆ ಸುತ್ತುವವರು ಮನೆಗೊಬ್ಬರಾದರೂ ಇರುತ್ತಾರೆ. ಅವರನ್ನು ಬೆಳಿಗ್ಗೆ ಇಳಿಸಿ ಸಂಜೆ ಮತ್ತೆ ಹತ್ತಿಸಬೇಡಿ.

ಹಾಗಾಗಿ ಒಂದೇ ದಿನ ಇದ್ದರೆ ಒಂದೇ ಕಡೆ. ಹುಬ್ಬಳ್ಳಿ, ಹಾವೇರಿ ಕಡೆಯವರಿಗೆ ಶಿರಸಿ ಹತ್ತಿರ, ಘಟ್ಟದ ಮೇಲೇ ಸುತ್ತಾಡಿ. ಮಂಗಳೂರು, ಉಡುಪಿ ಕಡೆಯಿಂದ ಬಂದರೆ ಮುರ್ಡೇಶ್ವರ ಮತ್ತು ಇಡಗುಂಜಿ ಒಂದು ದಿನಕ್ಕೆ ಸರಿ. ಗೋವಾ ಕಡೆಯಿಂದ ಬಂದವರಿಗೆ ಗೋಕರ್ಣ. ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ರೈಲಿನಲ್ಲಿ ಬರುವವರು ಮುರ್ಡೇಶ್ವರ, ಕುಮಟಾ, ಗೋಕರ್ಣ ರೋಡ್ ಎಲ್ಲಿ ಬೇಕಾದರೂ ಇಳಿಯಬಹುದು. ಶಿರಸಿಗೆ ರೈಲು ಇಲ್ಲ. ಎರಡು ದಿನ ಇದ್ದರೆ ಮೇಲೊಂದು ದಿನ, ಕೆಳಗೊಂದು ದಿನ ಇಟ್ಟುಕೊಳ್ಳಿ. ಘಟ್ಟ ಒಂದೇ ಸಲ ದಾಟುವ ಹಾಗಿರಲಿ.

ಗೋಕರ್ಣವೋ ಮುರ್ಡೇಶ್ವರವೋ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಎರಡೂ ಕಡೆ ಶಿವ, ಎರಡೂ ಕಡೆ ಸಮುದ್ರ, ಎರಡಕ್ಕೂ ಒಂದೇ ಕತೆ. ರಾವಣ ಕೈಲಾಸದಿಂದ ಆತ್ಮಲಿಂಗ ತಂದ. ಸಂಧ್ಯಾವಂದನೆಯ ಹೊತ್ತಿಗೆ ಗಣಪತಿ ಮಾಣಿಯ ವೇಷದಲ್ಲಿ ಬಂದು ಅದನ್ನು ನೆಲಕ್ಕೆ ಇಟ್ಟುಬಿಟ್ಟ. ರಾವಣ ಎಷ್ಟು ಜಗ್ಗಿದರೂ ಏಳಲಿಲ್ಲ. ಸಿಟ್ಟಿನಲ್ಲಿ ಅದರ ಹೊದಿಕೆಗಳನ್ನು ಕಿತ್ತು ನಾಲ್ಕು ಕಡೆ ಎಸೆದ. ಲಿಂಗ ಉಳಿದದ್ದು ಗೋಕರ್ಣದಲ್ಲಿ, ಮೇಲಿನ ಬಟ್ಟೆ ಬಿದ್ದದ್ದು ಮುರ್ಡೇಶ್ವರದಲ್ಲಿ. ಕತೆ ಒಂದೇ ಆದರೂ ಹೋಗಿ ಬರುವ ಅನುಭವ ಪೂರ್ತಿ ಬೇರೆ.

ಗೋಕರ್ಣ ಹಳೆಯ ಕ್ಷೇತ್ರದ ಊರು. ರಥಬೀದಿ, ಬದಿಯಲ್ಲಿ ನಿಂತ ದೊಡ್ಡ ತೇರು, ಹಂಚಿನ ಮನೆಗಳು, ಹೂವು–ಬಿಲ್ವಪತ್ರೆ ಮಾರುವವರು, ನಡುವೆ ದಾರಿಗೆ ಅಡ್ಡ ಮಲಗಿದ ದನ. ಪದ್ಧತಿ ಪ್ರಕಾರ ಸಮುದ್ರದಲ್ಲೋ ಕೋಟಿತೀರ್ಥದಲ್ಲೋ ಮುಳುಗು ಹಾಕಿ, ಮೊದಲು ಗಣಪತಿ, ಆಮೇಲೆ ಮಹಾಬಲೇಶ್ವರ. ಗಣಪತಿಯ ತಲೆಯ ಮೇಲೆ ಒಂದು ತಗ್ಗು ಇದೆ. ರಾವಣ ಗುದ್ದಿದ ಗುರುತು ಅಂತ ತೋರಿಸುತ್ತಾರೆ. ಮಕ್ಕಳು ಅದನ್ನು ಮಾತ್ರ ಮರೆಯುವುದಿಲ್ಲ.

ಮಹಾಬಲೇಶ್ವರನ ದರ್ಶನದಲ್ಲಿ ಕಣ್ಣಿಗೆ ಕಾಣುವುದು ಕಡಿಮೆ. ಒಳಗೆ ಕತ್ತಲು, ಕಾಲಡಿ ತೇವ. ಎದುರಿಗೆ ಚೌಕದ ಪೀಠ, ಅದರ ನಡುವೆ ಒಂದು ಕುಳಿ. ಜನ ಕಡಿಮೆ ಇದ್ದಾಗ ಬಗ್ಗಿ ಕೈ ಹಾಕಲು ಬಿಡುತ್ತಾರೆ. ನೀರು, ಬಿಲ್ವಪತ್ರೆಯ ಕೆಳಗೆ ಬೆರಳ ತುದಿಗೆ ಒರಟು ಕಲ್ಲು ತಾಗುತ್ತದೆ. ಅದೇ ಆತ್ಮಲಿಂಗ. ದೂರದಲ್ಲಿ ನಿಂತು ಕೈ ಮುಗಿಯುವುದಕ್ಕೂ ಇದಕ್ಕೂ ಅಜಗಜಾಂತರ. ಆದರೆ ಭಟ್ಟರು ಅವಸರ ಮಾಡುತ್ತಾರೆ, ಹಿಂದಿನವರು ನೂಕುತ್ತಾರೆ. ಬಗ್ಗಲು ಆಗದ ವಯಸ್ಸಾದವರಿಗೆ ಇದು ತ್ರಾಸಿನ ಕೆಲಸವೇ.

ಬಟ್ಟೆಯ ವಿಷಯದಲ್ಲಿ ಗೋಕರ್ಣ ಕಟ್ಟುನಿಟ್ಟು. ಗಂಡಸರಿಗೆ ಪಂಚೆ, ಅಂಗಿ ಬನಿಯನ್ ತೆಗೆಯಬೇಕು. ಹೆಂಗಸರಿಗೆ ಸೀರೆ ಅಥವಾ ಚೂಡಿದಾರ್. ಇದು ಗೊತ್ತಿಲ್ಲದೆ ಬಂದ ಹುಡುಗರು ರಥಬೀದಿಯ ಅಂಗಡಿಯಲ್ಲಿ ಪಂಚೆ ಕೊಂಡು ಜೀನ್ಸಿನ ಮೇಲೇ ಸುತ್ತಿಕೊಂಡು, ಬಿಚ್ಚಿ ಹೋಗದಿರಲಿ ಅಂತ ಬೆಲ್ಟ್ ಬಿಗಿದು ಸಾಲಿನಲ್ಲಿ ನಿಂತಿರುತ್ತಾರೆ. ಕೆಳಗೆ ಜೀನ್ಸಿನ ಅಂಚು ಇಣುಕುತ್ತಿರುತ್ತದೆ. ಮನೆಯಿಂದಲೇ ಒಂದು ಪಂಚೆ, ಒಂದು ಶಲ್ಯ ತಂದರೆ ಈ ಪಾಡು ಬೇಡ. ಮಠಗಳಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಮುರ್ಡೇಶ್ವರ ಇದಕ್ಕೆ ಉಲ್ಟಾ. ಅಲ್ಲಿ ಎಲ್ಲವೂ ಕಣ್ಣಿಗೆ. ಮೂರು ಕಡೆ ಸಮುದ್ರ ಇರುವ ಕಂದುಕಗಿರಿಯ ಮೇಲೆ 123 ಅಡಿಯ ಶಿವ ಕೂತಿದ್ದಾನೆ. ಎದುರಿಗೆ 20 ಅಂತಸ್ತಿನ ರಾಜಗೋಪುರ, ಬುಡದಲ್ಲಿ ಎರಡು ಸಿಮೆಂಟಿನ ಆನೆ. ಇದೇ ಊರಿನ ಆರ್.ಎನ್. ಶೆಟ್ಟಿಯವರು ಕಟ್ಟಿಸಿದ್ದು. ಟಿಕೆಟ್ ತೆಗೆದುಕೊಂಡು ಲಿಫ್ಟ್ ಹತ್ತಿದರೆ 18ನೇ ಅಂತಸ್ತಿನಿಂದ ಶಿವನ ಮುಖ, ಅದರ ಹಿಂದೆ ಸಮುದ್ರ ಎರಡೂ ಒಟ್ಟಿಗೆ ಕಾಣುತ್ತದೆ. ಮೂರ್ತಿಯ ಕೆಳಗಿನ ಗುಹೆಯಲ್ಲಿ ರಾವಣನ ಕತೆಯನ್ನು ಗೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ಮಕ್ಕಳಿಗೆ ಅದನ್ನು ಮೊದಲು ತೋರಿಸಿ, ಆಮೇಲೆ ಗೋಕರ್ಣಕ್ಕೆ ಹೋದರೆ ಅಲ್ಲಿಯ ಗಣಪತಿ ಯಾಕೆ ಮುಖ್ಯ ಅಂತ ತಾವೇ ಹೇಳುತ್ತಾರೆ.

ಮುರ್ಡೇಶ್ವರದ ದೇವಸ್ಥಾನಕ್ಕೆ ಬಂದ ಅರ್ಧ ಜನ ದೇವಸ್ಥಾನವನ್ನೇ ನೋಡುವುದಿಲ್ಲ ಅನ್ನುವುದು ನನ್ನ ತಕರಾರು. ಗೋಪುರ ಹತ್ತಿ, ಶಿವನ ಜೊತೆ ಫೋಟೋ ತೆಗೆದು, ಬೀಚಿಗೆ ಇಳಿದುಬಿಡುತ್ತಾರೆ. ಲಿಂಗ ಇರುವ ಗುಡಿ ಗೋಪುರ ದಾಟಿದ ಮೇಲೆ ತನ್ನಷ್ಟಕ್ಕೆ ಇರುತ್ತದೆ. ದರ್ಶನಕ್ಕೆ ಗೋಕರ್ಣದಷ್ಟು ತಳ್ಳಾಟ ಇರುವುದಿಲ್ಲ.

ನನ್ನ ಮಾತು ಕೇಳುವುದಾದರೆ: ಹಿರಿಯರ ಕಾರ್ಯ, ಪೂಜೆ, ಸಂಕಲ್ಪ ಇಂಥದ್ದೇನಾದರೂ ಇದ್ದರೆ ಗೋಕರ್ಣವೇ. ಹತ್ತು ವರ್ಷದ ಒಳಗಿನ ಮಕ್ಕಳು, ಮೊದಲ ಸಲ ಸಮುದ್ರ ನೋಡುವವರು ಇದ್ದರೆ ಮುರ್ಡೇಶ್ವರ. ಎರಡಕ್ಕೂ ನಡುವೆ ಸುಮಾರು 80 ಕಿ.ಮೀ. ಇದೆ. ಒಂದು ದಿನಕ್ಕೆ ಎರಡೂ ಆಗುತ್ತದೆ. ಆದರೆ ಬೆಳಿಗ್ಗೆ ಗೋಕರ್ಣ, ಮಧ್ಯಾಹ್ನದ ಮೇಲೆ ಮುರ್ಡೇಶ್ವರ ಅಂತ ಇಟ್ಟುಕೊಳ್ಳಿ. ಗೋಕರ್ಣದಲ್ಲಿ ಮಧ್ಯಾಹ್ನ ಬಾಗಿಲು ಹಾಕಿ ಸಂಜೆ ತೆಗೆಯುತ್ತಾರೆ. ಮುರ್ಡೇಶ್ವರದಲ್ಲಿ ಬಾಗಿಲು ಹಾಕಿದ್ದರೂ ಹೊತ್ತು ಕಳೆಯಲು ಬೇಕಾದಷ್ಟಿದೆ.

ಗೋಕರ್ಣದಲ್ಲಿ ಕಾರ್ಯ ಮಾಡಿಸುವವರಿಗೆ ಇನ್ನೊಂದೆರಡು ಮಾತು. ಅಲ್ಲಿ ಪೂಜೆಯ ಹಕ್ಕು ಇರುವ ಮನೆತನಗಳವರಿಗೆ ಉಪಾಧಿವಂತರು ಅನ್ನುತ್ತಾರೆ. ಎಷ್ಟೋ ಕುಟುಂಬಗಳಿಗೆ ಅಜ್ಜನ ಕಾಲದಿಂದ ಬಂದ ಪುರೋಹಿತರ ಮನೆ ಇರುತ್ತದೆ. ಮನೆಯಲ್ಲಿ ಹಿರಿಯರನ್ನು ಕೇಳಿ ನೋಡಿ. ಇಲ್ಲದಿದ್ದರೆ ಗುರುತಿನವರ ಮೂಲಕ ಮೊದಲೇ ಫೋನಿನಲ್ಲಿ ಮಾತಾಡಿ, ಖರ್ಚೆಷ್ಟು ಅಂತಲೂ ಆಗಲೇ ಕೇಳಿಕೊಳ್ಳಿ. ಬಸ್ ಸ್ಟ್ಯಾಂಡಿನಲ್ಲಿ ಇಳಿದ ಮೇಲೆ ಹುಡುಕಲು ಹೊರಟರೆ ಚೌಕಾಸಿಯಲ್ಲೇ ಮನಸ್ಸು ಕೆಡುತ್ತದೆ. ಗೋತ್ರ, ತೀರಿಕೊಂಡವರ ತಿಥಿ, ಮೂರು ತಲೆಮಾರಿನ ಹೆಸರು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಮುತ್ತಜ್ಜನ ಹೆಸರು ನೆನಪಾಗದೆ, ಕೈಯಲ್ಲಿ ಎಳ್ಳು–ನೀರು ಹಿಡಿದುಕೊಂಡೇ ಊರಿನ ಅತ್ತೆಗೆ ಫೋನ್ ಮಾಡುವವರನ್ನು ಕೋಟಿತೀರ್ಥದ ಮೆಟ್ಟಿಲಿನ ಮೇಲೆ ನೋಡಬಹುದು.

ಶಿವರಾತ್ರಿಗೆ ಗೋಕರ್ಣ ಬೇಕಾ ಬೇಡವಾ? ಜಾತ್ರೆ ಇಷ್ಟ ಇದ್ದವರಿಗೆ ಬೇಕು. ತೇರು ಎಳೆಯುವಾಗ ಜನ ಬಾಳೆಹಣ್ಣು ಎಸೆಯುತ್ತಾರೆ, ಬೀದಿ ತುಂಬ ಹಣ್ಣು. ನೆಮ್ಮದಿಯ ದರ್ಶನ ಬೇಕಾದವರು ಆ ವಾರ ಬರಲೇಬೇಡಿ. ಡಿಸೆಂಬರ್ ಕೊನೆಯ ವಾರವೂ ಬೇಡ. ಅದು ಓಂ ಬೀಚ್, ಕುಡ್ಲೆ ಬೀಚಿಗೆ ಬರುವವರ ಜಾತ್ರೆ. ರೂಮಿನ ಬಾಡಿಗೆ ಕೇಳಿದರೆ ಶಿವ ಶಿವಾ ಅನ್ನಬೇಕು.

ಇಡಗುಂಜಿ: ಕಡಿಮೆ ಕಷ್ಟದ ದೇವರು

ವಯಸ್ಸಾದವರು ಜೊತೆಗಿದ್ದು, ಕೆಳಗಿನ ಒಂದೇ ದೇವಸ್ಥಾನ ಹೇಳಿ ಅಂದರೆ ನಾನು ಇಡಗುಂಜಿ ಹೇಳುತ್ತೇನೆ. ಹೊನ್ನಾವರದಿಂದ ಹದಿನಾಲ್ಕು ಹದಿನೈದು ಕಿ.ಮೀ. ಹೆದ್ದಾರಿಯಿಂದ ಸ್ವಲ್ಪ ಒಳಗೆ, ಅಡಿಕೆ–ತೆಂಗಿನ ತೋಟಗಳ ನಡುವೆ. ಬೆಟ್ಟ ಹತ್ತುವುದಿಲ್ಲ, ಬಗ್ಗಿ ಕೈ ಹಾಕುವುದಿಲ್ಲ. ಎರಡೇ ಕೈಯ ಗಣಪತಿ, ನಿಂತಿದ್ದಾನೆ. ಗರಿಕೆ ಕೊಟ್ಟರೆ ಸಾಕು, ಹಣ್ಣುಕಾಯಿ ಮಾಡಿಸಿ ಪಂಚಕಜ್ಜಾಯ ಹಿಡಿದು ಹೊರಗೆ ಬರಬಹುದು. ಹೊಸ ಗಾಡಿ ಕೊಂಡವರು, ಮದುವೆ ಮಾತು ಶುರು ಮಾಡುವವರು, ಗಣಹೋಮ ಅಥವಾ ಸತ್ಯಗಣಪತಿ ವ್ರತದ ಹರಕೆ ಇದ್ದವರು ಎಲ್ಲ ಇಲ್ಲಿಗೇ ಬರುತ್ತಾರೆ. ಮಂಗಳವಾರ ಬರುವ ಸಂಕಷ್ಟಿ ಮಾತ್ರ ತಪ್ಪಿಸಿ. ಅವತ್ತು ಸಾಲು ನೋಡಿದರೆ ಸಂಕಷ್ಟಿ ಅಂತ ಯಾಕೆ ಹೆಸರು ಬಂತು ಅಂತ ಗೊತ್ತಾಗುತ್ತದೆ.

ಹೊನ್ನಾವರ ಕಡೆಯಿಂದ ಮುರ್ಡೇಶ್ವರಕ್ಕೆ ಹೋಗುವವರಿಗೆ ಇದು ದಾರಿಯಲ್ಲೇ ಸಿಗುತ್ತದೆ. ಬೆಳಿಗ್ಗೆ ಇಡಗುಂಜಿ, ಸಂಜೆ ಮುರ್ಡೇಶ್ವರ. ಅಜ್ಜಿಗೂ ಖುಷಿ, ಮೊಮ್ಮಕ್ಕಳಿಗೂ ಖುಷಿ.

ಪಂಚಕ್ಷೇತ್ರ ಒಂದೇ ದಿನದಲ್ಲಿ?

ರಾವಣ ಎಸೆದ ತುಂಡುಗಳು ಬಿದ್ದ ಜಾಗ ಸೇರಿಸಿ ಐದು ಕ್ಷೇತ್ರ. ಗೋಕರ್ಣ, ಮುರ್ಡೇಶ್ವರದ ಜೊತೆಗೆ ಕಾರವಾರದ ಸಜ್ಜೇಶ್ವರ, ಕುಮಟಾ ದಾಟಿದ ಮೇಲೆ ಧಾರೇಶ್ವರ, ಹೊನ್ನಾವರ ತಾಲೂಕಿನ ಗುಣವಂತೆ. ಕರಡಿಗೆ ಬಿದ್ದದ್ದು ಸಜ್ಜೇಶ್ವರದಲ್ಲಿ, ದಾರ ಧಾರೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ. ಅನುಕೂಲ ಏನೆಂದರೆ ಐದೂ ಹೆದ್ದಾರಿಯ ಗುಂಟ ಸಾಲಾಗಿವೆ. ಕಾರವಾರದಲ್ಲಿ ಬೆಳಿಗ್ಗೆ ಬೇಗ ಹೊರಟು ದಕ್ಷಿಣಕ್ಕೆ ಬರುತ್ತಾ ಸಂಜೆ ಮುರ್ಡೇಶ್ವರದಲ್ಲಿ ಮುಗಿಸಬಹುದು. ಗೋಕರ್ಣಕ್ಕೆ ಮಾತ್ರ ಹೆದ್ದಾರಿ ಬಿಟ್ಟು ಹತ್ತು ಕಿ.ಮೀ. ಒಳಗೆ ಹೋಗಿ ಬರಬೇಕು.

ಐದರಲ್ಲಿ ಧಾರೇಶ್ವರ ಮತ್ತು ಗುಣವಂತೆ ನನಗೆ ಹೆಚ್ಚು ಇಷ್ಟ. ಅಲ್ಲಿ ಜನ ಇಲ್ಲ, ಅಂಗಡಿ ಇಲ್ಲ. ಧಾರೇಶ್ವರದ ಕಲ್ಲಿನ ಗುಡಿಯಲ್ಲಿ ಮಧ್ಯಾಹ್ನದ ಬಿಸಿಲಿಗೂ ತಂಪು ಇರುತ್ತದೆ. ಗುಣವಂತೆ ಯಕ್ಷಗಾನದವರ ಊರೂ ಹೌದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಮನೆ ಇದೇ ಆಸುಪಾಸು. ಆಟ ಇದೆಯಾ ಅಂತ ವಿಚಾರಿಸಿ. ಇದ್ದರೆ ಮುರ್ಡೇಶ್ವರದ ಬೀಚನ್ನು ಬಿಟ್ಟು ಇಲ್ಲೇ ಕೂತರೂ ನಷ್ಟವಿಲ್ಲ.

ಯಾಣ ಮತ್ತು ಸಹಸ್ರಲಿಂಗ

ಸೊಕ್ಕಿದ್ದವ ಯಾಣಕ್ಕೆ ಹೋಗಬೇಕು, ರೊಕ್ಕಿದ್ದವ ಗೋಕರ್ಣಕ್ಕೆ ಹೋಗಬೇಕು ಅನ್ನುವ ಗಾದೆ ಹುಟ್ಟಿದ್ದು ಯಾಣಕ್ಕೆ ರಸ್ತೆ ಇಲ್ಲದ ಕಾಲದಲ್ಲಿ. ಕಾಡಿನಲ್ಲಿ ದಿನಗಟ್ಟಲೆ ನಡೆಯಲು ಮೈಯಲ್ಲಿ ಸೊಕ್ಕು ಬೇಕಿತ್ತು. ಗೋಕರ್ಣದಲ್ಲಿ ದಾನ, ದಕ್ಷಿಣೆ ಅಂತ ಕೈಯಲ್ಲಿ ರೊಕ್ಕ ಬೇಕಿತ್ತು. ಈಗ ಯಾಣಕ್ಕೆ ಕಾರು ಹೋಗುತ್ತದೆ. ನಿಲ್ಲಿಸಿದ ಮೇಲೆ ಕಾಡಿನ ನಡುವೆ ಸ್ವಲ್ಪ ನಡಿಗೆ, ಆಮೇಲೆ ಮೆಟ್ಟಿಲು. ಗೋಕರ್ಣದ ರೊಕ್ಕದ ಮಾತು ಹಾಗೇ ಇದೆ.

ಯಾಣ ಕುಮಟಾದಿಂದ ಸುಮಾರು 30, ಶಿರಸಿಯಿಂದ ಸುಮಾರು 40 ಕಿ.ಮೀ. ಮರಗಳ ನಡುವೆ ಇದ್ದಕ್ಕಿದ್ದಂತೆ ಕರಿ ಬಂಡೆ ಎದ್ದು ನಿಲ್ಲುತ್ತದೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್, ಪಕ್ಕದ ಮೋಹಿನಿ ಶಿಖರ 90 ಮೀಟರ್. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಮಣ್ಣೂ ಕಪ್ಪು ಅಂತ ನಂಬಿಕೆ. ಬಂಡೆ ಮಾತ್ರ ಸುಣ್ಣದಕಲ್ಲಿನ ಜಾತಿಯದು. ಅದರ ಬುಡದಲ್ಲೇ ಗುಹೆ, ಒಳಗೆ ತಾನಾಗಿ ಮೂಡಿದ ಲಿಂಗ, ಮೇಲಿಂದ ನೀರು ಹನಿಯುತ್ತಿರುತ್ತದೆ. ಗುಡಿಯ ಹತ್ತಿರ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಬಂಡೆಯ ಸೀಳಿನ ಒಳಗೆ ಸುತ್ತು ಬರಬೇಕು. ಹದಿಹರೆಯದ ಮಕ್ಕಳಿಗೆ "ದೇವಸ್ಥಾನ ಅಂದರೆ ಬೋರು" ಅನ್ನುವ ಕಾಯಿಲೆ ಇದ್ದರೆ ಇದೇ ಔಷಧಿ. ಮೊಣಕಾಲು ನೋವಿದ್ದವರು ಕೆಳಗೆ ಕೂತು ಕಾಯಬೇಕಾಗುತ್ತದೆ.

ಸಹಸ್ರಲಿಂಗ ಇದಕ್ಕಿಂತ ಸುಲಭ. ಶಿರಸಿಯಿಂದ ಹದಿನೈದು ಚಿಲ್ಲರೆ ಕಿ.ಮೀ. ಶಾಲ್ಮಲಾ ಹೊಳೆಯ ಬಂಡೆಗಳ ಮೇಲೆಲ್ಲ ಲಿಂಗ, ಅದಕ್ಕೆ ಎದುರಾಗಿ ನಂದಿ. ಸೋದೆಯ, ಅಂದರೆ ಸೋಂದಾದ ಅರಸ ಸದಾಶಿವರಾಯನ ಕಾಲದ್ದು ಅನ್ನುತ್ತಾರೆ. ಅಂದರೆ 17–18ನೇ ಶತಮಾನದ ಮಾತು. ಇಲ್ಲಿ ಅರ್ಚಕರಿಗೆ ಕಾಯಬೇಕಾಗಿಲ್ಲ. ಬೇಕಾದ ಲಿಂಗಕ್ಕೆ ಹೊಳೆಯ ನೀರನ್ನೇ ಬೊಗಸೆಯಲ್ಲಿ ಎತ್ತಿ ಅಭಿಷೇಕ ಮಾಡಬಹುದು. ಶಿವರಾತ್ರಿಗೆ ಒಂದೊಂದು ಲಿಂಗಕ್ಕೆ ಒಂದೊಂದು ಕುಟುಂಬ ಕೂತಿರುತ್ತದೆ. ಆದರೆ ಮಳೆಗಾಲದಲ್ಲಿ ಸಹಸ್ರಲಿಂಗ ಅನ್ನುವುದು ಬರೀ ಬೋರ್ಡಿನಲ್ಲಿ ಇರುತ್ತದೆ, ಲಿಂಗ ಎಲ್ಲ ನೀರಿನಡಿ. ಹೊಳೆಯ ಸೆಳೆತ ಜೋರು, ಬಂಡೆ ಜಾರುತ್ತದೆ, ಇಳಿಯಬೇಡಿ. ನವೆಂಬರಿನಿಂದ ಮಾರ್ಚ್ ಇದಕ್ಕೆ ಸರಿಯಾದ ಹೊತ್ತು. ಎರಡರಲ್ಲಿ ಒಂದೇ ಅಂದರೆ ನನ್ನ ಓಟು ಯಾಣಕ್ಕೆ. ಶಿರಸಿಯಲ್ಲೇ ಇದ್ದು ಅರ್ಧ ದಿನ ಮಾತ್ರ ಇದ್ದರೆ ಸಹಸ್ರಲಿಂಗ.

ಮಾರಿಕಾಂಬೆ ಮತ್ತು ಸೋಂದಾ

ಮಾರಿಕಾಂಬಾ ದೇವಸ್ಥಾನ ಶಿರಸಿ ಪೇಟೆಯ ನಡುವೆಯೇ ಇದೆ. 1688ರ ಸುಮಾರಿಗೆ ಪ್ರತಿಷ್ಠೆ ಆದದ್ದು. ಏಳಡಿ ಎತ್ತರದ ಮರದ ಮೂರ್ತಿ, ಎಂಟು ಕೈ, ಕೆಂಪು ಮುಖ. ಎದುರು ನಿಂತರೆ ದೇವಿ ನಿಮ್ಮನ್ನೇ ನೋಡುತ್ತಿದ್ದಾಳೆ ಅನಿಸುತ್ತದೆ. ಗೋಡೆಯ ಕಾವಿ ಚಿತ್ರಗಳನ್ನು ನೋಡದೆ ಬರಬೇಡಿ. ಬಿಳಿ ಸುಣ್ಣದ ಮೇಲೆ ಕೆಮ್ಮಣ್ಣಿನ ಬಣ್ಣದ ಗೆರೆ, ಕರಾವಳಿಯ ಹಳೆ ಕಸುಬು ಅದು. ಮಂಗಳವಾರ, ಶುಕ್ರವಾರ ಉಡಿ ತುಂಬುವವರ ಸಾಲು ಉದ್ದ. ಸೀರೆ, ಖಣ, ಕಾಯಿ ಎಲ್ಲ ಎದುರಿನ ಅಂಗಡಿಗಳಲ್ಲೇ ಸಿಗುತ್ತದೆ.

ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024, 2026 ಹೀಗೆ ಸಮ ಸಂಖ್ಯೆಯ ವರ್ಷಗಳಲ್ಲಿ. ದೇವಿಯ ಮದುವೆ ಆಗಿ, ಮರುದಿನ ತೇರಿನಲ್ಲಿ ಬಿಡಕಿಬೈಲಿನ ಗದ್ದುಗೆಗೆ ಬರುತ್ತಾಳೆ. ಜಾತ್ರೆ ಮುಗಿಯುವವರೆಗೆ ಅಲ್ಲೇ ದರ್ಶನ. ನಾಟಕ, ತೊಟ್ಟಿಲು, ಮಿಠಾಯಿ, ಬಳೆ, ರಾತ್ರಿ ಇಡೀ ಜನ. ಹಿಂದೆ ಜಾತ್ರೆಯಲ್ಲಿ ಕೋಣಬಲಿ ಇತ್ತು. 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ ಇಲ್ಲಿಯ ಸುಧಾರಕರು ಸೇರಿ ಅದನ್ನು ನಿಲ್ಲಿಸಿದರು. ಹೊರಗಿನವರಿಗೆ ಗೊತ್ತಿರದ ಒಂದು ವಿಷಯ ಇದೆ. ಜಾತ್ರೆ ಮುಗಿದ ಮೇಲೆ ಯುಗಾದಿಯ ತನಕ ದೇವಸ್ಥಾನದಲ್ಲಿ ದರ್ಶನ ಇರುವುದಿಲ್ಲ. ಯುಗಾದಿಗೆ ಮತ್ತೆ ಪ್ರತಿಷ್ಠೆ. ಜಾತ್ರೆಯ ಗಲಾಟೆ ತಣ್ಣಗಾಗಲಿ ಅಂತ ಕಾದು, ಆ ನಡುವಿನ ದಿನಗಳಲ್ಲಿ ಬಂದು ಮುಚ್ಚಿದ ಬಾಗಿಲಿಗೆ ಕೈ ಮುಗಿದು ಹೋಗುವವರು ಪ್ರತಿ ಜಾತ್ರೆಗೂ ಇದ್ದೇ ಇರುತ್ತಾರೆ.

ಸೋಂದಾ ಬೇರೆಯೇ ಲೋಕ. ಶಿರಸಿಯಿಂದ ಸುಮಾರು 20 ಕಿ.ಮೀ., ದಾರಿಯುದ್ದಕ್ಕೂ ಅಡಿಕೆ ತೋಟ. ಉಡುಪಿಯ ಅಷ್ಟಮಠಗಳಲ್ಲಿ ಒಂದಾದ ಸೋದೆ ಮಠದ ಮೂಲ ಜಾಗ ಇದು. ಮಾಧ್ವ ಯತಿ ವಾದಿರಾಜರ ವೃಂದಾವನ, ಧವಳಗಂಗೆ ಕೊಳ, ತ್ರಿವಿಕ್ರಮ ದೇವರ ಗುಡಿ, ಭೂತರಾಜರ ಗುಡಿ ಎಲ್ಲ ಒಂದೇ ಆವರಣದಲ್ಲಿ. ಉಡುಪಿಯಲ್ಲಿ ಎರಡು ವರ್ಷದ ಪರ್ಯಾಯ ಶುರು ಮಾಡಿದವರೂ ವಾದಿರಾಜರೇ. ಹಯಗ್ರೀವ ದೇವರಿಗೆ ಅವರು ಕಡಲೆಬೇಳೆ, ಬೆಲ್ಲದ ಮಡ್ಡಿಯನ್ನು ತಲೆಯ ಮೇಲೆ ಇಟ್ಟುಕೊಂಡರೆ ಬಿಳಿ ಕುದುರೆ ಬಂದು ತಿನ್ನುತ್ತಿತ್ತಂತೆ. ಮಧ್ಯಾಹ್ನದ ಹೊತ್ತಿಗೆ ಹೋದರೆ ಮಠದಲ್ಲಿ ಊಟ ಆಗುತ್ತದೆ. ಹತ್ತಿರದಲ್ಲೇ ಸ್ವರ್ಣವಲ್ಲಿ ಮಠ ಇದೆ, ಸ್ವಾದಿ ಜೈನ ಮಠವೂ ಇದೆ. ಮಾಧ್ವರು, ಸ್ಮಾರ್ತರು, ಜೈನರು ಮೂವರ ಮಠವೂ ಕೆಲವೇ ಕಿ.ಮೀ. ಒಳಗೆ. ಇಂಥ ಊರು ಬೇರೆ ಎಲ್ಲಿದೆ ಹೇಳಿ?

ಅರ್ಧ ತಾಸಿನ ದರ್ಶನ ಸಾಕು ಅನ್ನುವವರಿಗೆ ಮಾರಿಕಾಂಬೆ. ಒಂದು ಹೊತ್ತು ಸುಮ್ನೆ ಕೂತಿರಬೇಕು ಅನ್ನುವವರಿಗೆ ಸೋಂದಾ. ಸೋಂದಾಕ್ಕೆ ಬಸ್ಸು ಕಡಿಮೆ, ಸ್ವಂತ ಗಾಡಿ ಇಲ್ಲದವರು ವಾಪಸ್ ಬಸ್ಸಿನ ಹೊತ್ತು ಮೊದಲೇ ಕೇಳಿಟ್ಟುಕೊಳ್ಳಿ.

ಇತಿಹಾಸದ ಹುಚ್ಚು ಇದ್ದವರು ಇವೆರಡನ್ನೂ ಬಿಟ್ಟು ಬನವಾಸಿಗೆ ಹೋಗಿ. ಶಿರಸಿಯಿಂದ 23–24 ಕಿ.ಮೀ., ವರದಾ ನದಿಯ ದಂಡೆಯಲ್ಲಿ ಕದಂಬರ ರಾಜಧಾನಿ. ಮಧುಕೇಶ್ವರನ ಲಿಂಗ ಜೇನಿನ ಬಣ್ಣದ್ದು. ನಂದಿಯ ಎದುರು ನಿಂತು ಕಣ್ಣು ನೋಡಿ. ಒಂದು ಕಣ್ಣು ಶಿವನ ಕಡೆ, ಇನ್ನೊಂದು ಪಕ್ಕದ ಪಾರ್ವತಿಯ ಗುಡಿಯ ಕಡೆ. ಆವರಣದಲ್ಲಿ ಐದು ಹೆಡೆಯ ನಾಗರಕಲ್ಲಿದೆ. ಅದರ ಅಂಚಿನಲ್ಲಿ ಪ್ರಾಕೃತ ಭಾಷೆಯ ಬರಹ, ಕದಂಬರಿಗಿಂತಲೂ ಹಳೆಯದು. ಸೋದೆ ಅರಸರ ಕಾಲದ ಕಲ್ಲಿನ ಮಂಚದ ಕೆತ್ತನೆ ನೋಡಿದರೆ ಅದು ಕಲ್ಲು ಅಂತ ನಂಬಲು ಮುಟ್ಟಬೇಕು ಅನಿಸುತ್ತದೆ. ಮುಟ್ಟಬೇಡಿ, ಬೈಯುತ್ತಾರೆ.

ಶಿರಸಿ–ಕುಮಟಾ ರಸ್ತೆಯಲ್ಲಿ ಬರುವವರಿಗೆ ಮಂಜುಗುಣಿಯ ವೆಂಕಟರಮಣನಿದ್ದಾನೆ. ಕೈಯಲ್ಲಿ ಬಿಲ್ಲು–ಬಾಣ ಹಿಡಿದ ವೆಂಕಟರಮಣ. ತಿರುಪತಿಯ ಹರಕೆಯನ್ನು ಇಲ್ಲೇ ತೀರಿಸುವವರು ನಮ್ಮಲ್ಲಿ ಬಹಳ. ಸಿದ್ದಾಪುರ ಕಡೆ ಹೋಗುವವರಿಗೆ ಗುಡ್ಡದ ಮೇಲೆ ಭುವನಗಿರಿಯ ಭುವನೇಶ್ವರಿ. ಕನ್ನಡ ತಾಯಿಯ ಗುಡಿ ಅಂತಲೇ ಹೆಸರು, ನವೆಂಬರಿನಲ್ಲಿ ನೆನಪಾಗುತ್ತದೆ, ಉಳಿದ ಹನ್ನೊಂದು ತಿಂಗಳು ಖಾಲಿ.

ದಿನ ಕೂಡಿ ಬಂದರೆ ಮಾತ್ರ

ಕಾರವಾರದ ಎದುರಿನ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರಿದ್ದಾನೆ. ಪುಷ್ಯ ಹುಣ್ಣಿಮೆಗೆ, ಅಂದರೆ ಜನವರಿ ಹೊತ್ತಿಗೆ ಒಂದು ದಿನ ಜಾತ್ರೆ. ಮೀನುಗಾರರ ದೋಣಿಗಳಲ್ಲಿ ಜನ ಬಾಳೆಗೊನೆ ಹೊತ್ತುಕೊಂಡು ಹೋಗುತ್ತಾರೆ. ಕಡಲು ಹೆದರಿಕೆ ಇದ್ದವರು ಬೇಡ. ಉಳಿದವರು ಆ ದಿನ ಕಾರವಾರದಲ್ಲಿದ್ದರೆ ಬಿಡಬೇಡಿ. ಜೊಯಿಡಾ ಕಾಡಿನೊಳಗಿನ ಉಳವಿಗೆ ಚನ್ನಬಸವಣ್ಣನವರ ಸಮಾಧಿಯ ದರ್ಶನಕ್ಕೆ ಫೆಬ್ರವರಿ ಸುಮಾರಿನ ಜಾತ್ರೆಯಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಈಗಲೂ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಉಳವಿಯನ್ನು ಗೋಕರ್ಣ, ಶಿರಸಿ ಜೊತೆ ಸೇರಿಸಬೇಡಿ. ಅದಕ್ಕೇ ಒಂದು ಪೂರ್ತಿ ದಿನ ಬೇಕು.

ಮಳೆ, ಸೂತಕ, ರೂಮು

ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಡು ಚಂದ, ರಸ್ತೆ ಕೆಟ್ಟದ್ದು. 2024ರ ಜುಲೈಯಲ್ಲಿ ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಕುಸಿದು ಜನ ಸತ್ತರು. ದೇವಿಮನೆ ಘಟ್ಟದಲ್ಲೂ ಮಣ್ಣು ಕುಸಿಯುವುದು, ರಸ್ತೆ ಬಂದ್ ಆಗುವುದು ಇದ್ದದ್ದೇ. ರೆಡ್ ಅಲರ್ಟ್ ಇದ್ದ ದಿನ ಹರಕೆಯ ಹೆಸರಲ್ಲಿ ಹೊರಡಬೇಡಿ, ದೇವರು ಮುಂದಿನ ತಿಂಗಳೂ ಅಲ್ಲೇ ಇರುತ್ತಾನೆ. ಮಳೆಯಲ್ಲಿ ಬರಲೇಬೇಕಾದವರಿಗೆ ಇಡಗುಂಜಿ, ಮಾರಿಕಾಂಬೆ, ಬನವಾಸಿ ತೊಂದರೆ ಕೊಡುವುದಿಲ್ಲ. ಯಾಣದಲ್ಲಿ ಉಂಬಳ, ಅಂದರೆ ಜಿಗಣೆ ಹತ್ತುತ್ತದೆ, ಸುಣ್ಣವೋ ಉಪ್ಪೋ ಇಟ್ಟುಕೊಳ್ಳಿ. ಸಮುದ್ರಕ್ಕೆ ಇಳಿಯುವ ಮಾತೇ ಬೇಡ. ಗೋಕರ್ಣದ ಸ್ನಾನವನ್ನೂ ತಲೆಗೆ ನೀರು ಚಿಮುಕಿಸಿ ಮುಗಿಸಿದರೆ ಶಾಸ್ತ್ರಕ್ಕೆ ಸಾಕು.

ಗಾಡಿ ಬುಕ್ ಮಾಡುವ ಮೊದಲು ಪಂಚಾಂಗ ನೋಡಿ. ಗ್ರಹಣದ ದಿನ ಹೆಚ್ಚಿನ ಕಡೆ ದರ್ಶನ, ಸೇವೆಗಳ ಹೊತ್ತು ಬದಲಾಗುತ್ತದೆ. ಮನೆತನದಲ್ಲಿ ಸೂತಕ ಬಂದರೆ ಸೇವೆ ಮುಂದೆ ಹಾಕಬೇಕು. ಸೇವೆಗೆ ಹೆಸರು ಕೊಟ್ಟಿದ್ದರೆ ದೇವಸ್ಥಾನದ ಕಚೇರಿಗೆ ಫೋನ್ ಮಾಡಿ ಹೇಳಿ, ದಿನ ಬದಲಿಸಿ ಕೊಡುತ್ತಾರಾ ಅಂತ ಕೇಳಿ.

ಉಳಿಯಲು ಎಲ್ಲಿ? ಸಮುದ್ರದ ಸದ್ದು ಕೇಳುತ್ತಾ ಮಲಗಬೇಕು ಅಂದರೆ ಮುರ್ಡೇಶ್ವರ. ಬೆಳಗಿನ ಪೂಜೆಗೆ ಹೋಗಬೇಕು, ಕಾರ್ಯ ಇದೆ ಅಂದರೆ ಗೋಕರ್ಣದಲ್ಲೇ, ಆದಷ್ಟು ರಥಬೀದಿಯ ಹತ್ತಿರ. ಕಾರು ಒಳಗೆ ಬರುವುದಿಲ್ಲ, ಹಾಗಾಗಿ ಬೀಚಿನ ಕಡೆ ರೂಮು ಮಾಡಿದರೆ ವಯಸ್ಸಾದವರಿಗೆ ನಡಿಗೆ ಜಾಸ್ತಿ. ಮೇಲಿನ ದೇವಸ್ಥಾನಗಳಿಗೆ ಶಿರಸಿ ಬಿಟ್ಟು ಬೇರೆ ಯೋಚನೆ ಬೇಡ. ಎರಡು ಮೂರು ದಿನ ಇದ್ದು ಎಲ್ಲ ಕಡೆ ಓಡಾಡುವವರಿಗೆ ಕುಮಟಾ ಅನುಕೂಲ. ಅಲ್ಲಿಂದ ಗೋಕರ್ಣಕ್ಕೂ ಯಾಣಕ್ಕೂ ಮೂವತ್ತರ ಸುಮಾರು ಕಿ.ಮೀ., ಇಡಗುಂಜಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು. ರೈಲೂ ನಿಲ್ಲುತ್ತದೆ, ರೂಮಿನ ಬಾಡಿಗೆಯೂ ಗೋಕರ್ಣಕ್ಕಿಂತ ಕಡಿಮೆ. ಕುಮಟಾದಲ್ಲಿ ಸಿಗದಿದ್ದರೆ ಹೊನ್ನಾವರ ನೋಡಿ.